ಹನ್ನೊಂದು ಚಮಚ

ಶುಕ್ರವಾರ. ನಮ್ಮ ಓಣಿಗೆ ನೀರು ಬಿಡುವ ದಿನ.
ಅದನ್ನೇ ಬಿಟ್ಟು ಹೊರಟಿದ್ದೇವೆ,
ಎದುರುಮನೆ ಹುಡುಗನಿಗೆ ಮೋಟಾರಿನ ಸ್ವಿಚ್ಚು ತೋರಿಸಿ,
ತುಂಬಿದ ಕೂಡಲೇ ಆರಿಸು, ತಿಳೀತಾ, ಮರೀಬೇಡ,
ಎಂದು ಮೂರು ಸಲ ಹೇಳಿ,
ಕಾರಿನ ಕಿಟಕಿಯಿಂದ ನಾಲ್ಕನೇ ಸಲ.

ನಾಯೆಫ್ ವಾರವೆಲ್ಲ ಝರ್ಕಾದ ಮಾಳಿಗೆಗಳಿಗೆ
ಟ್ಯಾಂಕರಿನಲ್ಲಿ ನೀರು ಹೊಯ್ಯುವವನು.
ಇವತ್ತು ಒಣ ಅಂಗಿ ತೊಟ್ಟಿದ್ದಾನೆ.
ಹಿಂದಿನ ಸೀಟಿನಲ್ಲಿ ಅತ್ತೆ ಫಿದ್ದಾ, ತೊಡೆಯ ಮೇಲೆ
ಕಂಬಳಿ ಸುತ್ತಿದ ಬಿಸಿ ಪಾತ್ರೆ, ಕೂಸಿನ ಹಾಗೆ.
ಎಡಬಲಕ್ಕೆ ನಿಜವಾದ ಮಕ್ಕಳು, ಕಿತ್ತಾಡುತ್ತ.

ಅಜ್ಲೂನಿನ ಕೋಟೆ ಗುಡ್ಡದ ತುದಿಯಲ್ಲಿ
ಯಾರೋ ಮರೆತು ಹೋದ ಪೆಟ್ಟಿಗೆ.
'ನೀವು ಹತ್ತಿ ಬನ್ನಿ,' ಅಂದಳು ಅತ್ತೆ ಮರದಡಿ ಕೂತು,
'ಕೋಟೆ ಎಲ್ಲಿಗೂ ಹೋಗೋದಿಲ್ಲ.
ಹೋಗಿರೋದು ನನ್ನ ಮಂಡಿ.'

ಲೈಥ್ ಬಾಣದ ಕಂಡಿಗೆ ಕಣ್ಣಿಟ್ಟು
ಕೆಳಗೆ ಜೋಳ ಸುಡುವವನನ್ನು ಏಳು ಸಲ ಕೊಂದ.
ರಹಫ್‌ಗೆ ಹನ್ನೆರಡು ತುಂಬಿದೆ; ಕೋಟೆ ಅವಳ ಫೋಟೋದಲ್ಲಿ
ಮುಖದ ಹಿಂದಿನ ಗೋಡೆ, ಅಷ್ಟೆ.
ನಾಯೆಫ್ ಕತ್ತಲೆಯ ಕೋಣೆಯಲ್ಲಿ
ನೆಲದ ಬಾಯೊಂದನ್ನು ಹುಡುಕಿಕೊಂಡಿದ್ದ:
'ಮಳೆನೀರಿನ ತೊಟ್ಟಿ! ಎಷ್ಟು ಹಿಡಿದೀತು,
ನನ್ನ ಗಾಡಿ ಹದಿನೈದು ಸಲ? ಇಪ್ಪತ್ತು?'
ಕಾವಲುಗಾರನಿಗೆ ಗೊತ್ತಿರಲಿಲ್ಲ.
ಹರಳೊಂದನ್ನು ಬಿಟ್ಟು ಕಿವಿಗೊಟ್ಟ.
ಕಲ್ಲಿಗೆ ಕಲ್ಲು ತಾಗಿದ ಸದ್ದು.

ನಾನು ಗೋಪುರದ ನೆತ್ತಿಯಲ್ಲಿದ್ದೆ.
ಓಕ್ ಮರಗಳ ಇಳಿಜಾರು, ಆಮೇಲೆ ಬಿಸಿಲ ಮಬ್ಬು,
ಮಬ್ಬಿನೊಳಗೆ ನದಿ ಇದೆಯಂತೆ, ನದಿಯಾಚೆ
ಅತ್ತೆ ಹುಟ್ಟಿದ ಊರು ಇದೆಯಂತೆ.
ಹಣೆಗೆ ಕೈ ಅಡ್ಡ ಹಿಡಿದೆ. ಕಾಣಲಿಲ್ಲ.
ಕಂಡಿತು ಅನ್ನಲೇ, ಇಲ್ಲ ಅನ್ನಲೇ,
ಮೆಟ್ಟಿಲಿಳಿಯುವಷ್ಟೂ ಹೊತ್ತು ಅದೇ ಯೋಚನೆ.
ಅವಳು ಕೇಳಲೇ ಇಲ್ಲ. ಸೌತೆಕಾಯಿ ಹೆಚ್ಚುತ್ತಿದ್ದಳು.

ಮಕ್ಲೂಬಾ ಪಾತ್ರೆಯನ್ನು ತಟ್ಟೆಗೆ ಬೋರಲು ಹಾಕಿ
ಬೆನ್ನು ತಟ್ಟಿ ಮೆಲ್ಲಗೆ ಎತ್ತಿದಳು:
ಅನ್ನದ ಗೋಪುರ, ಬದನೆಯ ಗೋಡೆ.
ಒಂದು ಮಗ್ಗುಲು ಕುಸಿಯಿತು.
'ಭೂಕಂಪ!' ಅಂದ ಲೈಥ್, ಕುಸಿದ ಕಡೆಯಿಂದಲೇ ಶುರುಮಾಡಿ.

ಜೆರಾಶ್ ಮುಟ್ಟಿದಾಗ ಮೂರು ಗಂಟೆ.
ಬಿಸಿಲಿಗೆ ಕಂಬಗಳೆಲ್ಲ ಜೇನಿನ ಬಣ್ಣ.
ರೋಮನರ ಬೀದಿ, ಕಲ್ಲಿನಲ್ಲಿ ಗಾಲಿಯ ಗೀರು,
ಮಕ್ಕಳು ಒಂದೊಂದು ಗೀರು ಹಿಡಿದು ಓಡಿದರು.
ನಡುಬೀದಿಯಲ್ಲಿ ಮಂಡಿಯೂರಿ ನನ್ನ ಗಂಡ
'ಚರಂಡಿ! ಬಾರೇ ಇಲ್ಲಿ, ಚರಂಡಿ ನೋಡು!'
ಟೋಪಿಯ ವಿದೇಶಿಯರು ತಿರುಗಿದರು. ನಾನು
ಯಾರ ಹೆಂಡತಿಯೋ ಎಂಬಂತೆ ಆಕಾಶ ನೋಡಿದೆ.

ಕಾರಂಜಿಯ ಗೋಡೆಗೆ ಸಾಲಾಗಿ ಸಿಂಹದ ಮೋರೆಗಳು,
ಬಾಯೊಳಗಿಂದ ನೀರು ಬೀಳುತ್ತಿತ್ತಂತೆ.
ಹಲ್ಲಿನ ಡಾಕ್ಟರನ ಹಾಗೆ ಬೆರಳು ತೂರಿಸಿದ ನಾಯೆಫ್,
ಧೂಳು ಒರೆಸಿಕೊಂಡ.
ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ದೇವಿಯ ಗುಡಿಯ ಕಂಬಗಳು ಅಲ್ಲಾಡುತ್ತವೆ ಎಂದ
ಅಲ್ಲೇ ಕೂತಿದ್ದ ಮುದುಕ. ಯಾರೂ ನಂಬಲಿಲ್ಲ.
ಅತ್ತೆ ಚೀಲದಿಂದ ಚಮಚ ತೆಗೆದಳು,
ಅಗುಳು ಅಂಟಿದ್ದದ್ದು,
ಕಂಬದ ಬುಡದ ಸಂದಿಗೆ ಸಿಕ್ಕಿಸಿದಳು.
ಗಾಳಿ ಬಂತು.
ಚಮಚದ ತುದಿ ಎದ್ದಿತು, ಇಳಿಯಿತು,
ಮತ್ತೆ ಎದ್ದಿತು,
ನಿದ್ದೆಹೋದವರ ಎದೆಯ ಹಾಗೆ.
ರಹಫ್ ಫೋನು ಇಳಿಸಿ ನೋಡುತ್ತಾ ನಿಂತಳು.
ಅತ್ತೆ ಕಲ್ಲಿಗೆ ಅಂಗೈಯೊತ್ತಿ ಅಂದಳು:
'ಪಾಪ, ಇದಕ್ಕೂ ಮಂಡಿನೋವು.'

ರಾತ್ರಿ ಓಣಿ ತಿರುಗುವಾಗಲೇ ಗೊತ್ತಾಯಿತು.
ಹುಡುಗ ಮರೆತಿದ್ದ. ಮಾಳಿಗೆಯ ನೀರು
ಮೂರು ಅಂತಸ್ತಿನ ಮೆಟ್ಟಿಲು ತೊಳೆದು
ಬೀದಿಗಿಳಿದು ತನ್ನ ಪಾಡಿಗೆ ಹೊರಟಿತ್ತು.
ಮಕ್ಕಳು ಚಪ್ಪಲಿ ಕೈಗೆ ತಗೊಂಡರು.
ನಾಯೆಫ್ ಬಯ್ಯಲಿಲ್ಲ. ಒದ್ದೆ ಮೆಟ್ಟಿಲ ಮೇಲೆ ಕೂತ,
ಒಣ ಅಂಗಿಯಲ್ಲೇ,
ಕಾಲ ಸುತ್ತ ಅದು ಹರಿಯುವಷ್ಟು ಹೊತ್ತು.

ನಾನು ಪಾತ್ರೆ ತೊಳೆದೆ, ಚಮಚ ಎಣಿಸಿದೆ.
ಹನ್ನೊಂದು.
ಮತ್ತೊಮ್ಮೆ ಎಣಿಸಿದೆ. ಹನ್ನೊಂದೇ.